ಯಜೀದಿ ಮಹಿಳೆಯರು ಮತ್ತು ಒಬ್ಬ ಧರ್ಮಗುರುವಿನ ಅಪ್ಪಣೆ

ಯುದ್ಧಕಾಲದಲ್ಲಿ ಸ್ತ್ರೀಯರು ಅನುಭವಿಸುವ ದೌರ್ಜನ್ಯ ಅವರು ಶತ್ರುವಿನ ಕೈಯಿಂದ ಪಾರಾದ ದಿನವೇ ಮುಗಿಯುವುದಿಲ್ಲ. ಮರಳಿ ಬಂದವಳನ್ನು ಮನೆಯವರು, ಕುಲದವರು ಹೇಗೆ ಕಾಣುತ್ತಾರೆ ಎಂಬುದರ ಮೇಲೆ ಆಕೆಯ ಮುಂದಿನ ಬದುಕು ನಿಂತಿರುತ್ತದೆ. ಇರಾಕಿನ ಯಜೀದಿ ಸಮುದಾಯದ ಅನುಭವವನ್ನು ಗುರುಪೀಠಗಳಲ್ಲಿ ಶ್ರದ್ಧೆಯುಳ್ಳ ನಾವು ಗಮನಿಸಬೇಕಾದದ್ದು ಈ ಕಾರಣದಿಂದ.

2014ರ ಆಗಸ್ಟ್ 3ರಂದು ಇಸ್ಲಾಮಿಕ್ ಸ್ಟೇಟ್ ಉಗ್ರರು ಉತ್ತರ ಇರಾಕಿನ ಸಿಂಜಾರ್ ಪ್ರದೇಶಕ್ಕೆ ನುಗ್ಗಿದರು. ಸಾವಿರಾರು ಯಜೀದಿಗಳನ್ನು ಕೊಂದರು. ಆರು ಸಾವಿರಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳನ್ನು, ಸೆರೆಹಿಡಿದು ಒಯ್ದರು. ಹೆಣ್ಣುಮಕ್ಕಳನ್ನು ಸಂತೆಯ ಸರಕಿನಂತೆ ಮಾರಿದರು, ಬಲವಂತವಾಗಿ ಮತಾಂತರಿಸಿದರು. ತಪ್ಪಿಸಿಕೊಂಡ ಜನ ದುಹೋಕ್ ಪ್ರಾಂತದ ಶಿಬಿರಗಳನ್ನು ಸೇರಿದರು. ಹತ್ತು ವರ್ಷ ಕಳೆದ ಮೇಲೂ ಅನೇಕರಿಗೆ ಡೇರೆಯೇ ಮನೆಯಾಗಿತ್ತು.

ಯಜೀದಿ ತಂದೆತಾಯಿಗಳಿಗೆ ಹುಟ್ಟಿದವರಲ್ಲದೆ ಅನ್ಯರಿಗೆ ಆ ಧರ್ಮದಲ್ಲಿ ಪ್ರವೇಶವಿಲ್ಲ. ಅನ್ಯಮತೀಯನೊಡನೆ ಸಂಬಂಧವಾದವಳು ಕುಲದಿಂದ ಹೊರಗೆ ಎಂಬುದು ಹಳೆಯ ಕಟ್ಟಳೆ. ಹಾಗಾಗಿ ಸೆರೆಯಿಂದ ಬಿಡುಗಡೆಯಾದರೂ ತವರಿಗೆ ಹೋಗುವ ಧೈರ್ಯ ಎಷ್ಟೋ ಹೆಣ್ಣುಮಕ್ಕಳಿಗೆ ಇರಲಿಲ್ಲ. ಆಗ ಬಾಬಾ ಶೇಖ್ ಎಂಬ ಗುರುಸ್ಥಾನದಲ್ಲಿದ್ದ ವಯೋವೃದ್ಧರಾದ ಖುರ್ತೊ ಹಾಜಿ ಇಸ್ಮಾಯಿಲ್ ಅವರು, ಇವರು ಎಂದಿನಂತೆ ಯಜೀದಿಗಳೇ, ಇವರನ್ನು ಗೌರವದಿಂದ ಬರಮಾಡಿಕೊಳ್ಳಬೇಕು ಎಂದು ಅಪ್ಪಣೆ ಕೊಡಿಸಿದರು. ಮರಳಿದವರನ್ನು ಲಾಲಿಶ್ ಕ್ಷೇತ್ರದಲ್ಲಿ ತಾವೇ ಕಂಡು ಹರಸಿದರು. ಅಲ್ಲಿನ ಪವಿತ್ರ ಚಿಲುಮೆಯ ನೀರಿನಿಂದ ಅವರಿಗೆ ಮತ್ತೆ ಸಂಸ್ಕಾರ ನಡೆಯಿತು.

ಪಂಚಸೂತಕಗಳನ್ನು ಅಲ್ಲಗಳೆದ ಶರಣರ ಪರಂಪರೆಯವರಾದ ನಮಗೆ ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ: ನೀರಿನಿಂದ ಕಳೆಯಬೇಕಾದ ಮೈಲಿಗೆ ಆಕೆಗೆ ಬಂದದ್ದಾದರೂ ಎಲ್ಲಿಂದ? ಪ್ರಶ್ನೆ ಸರಿಯೇ. ಆದರೆ ತಾನು ಕೆಟ್ಟೆನೆಂದು ನಂಬಿ ಡೇರೆಯ ಮೂಲೆಯಲ್ಲಿ ಕುಳಿತವಳಿಗೆ ನಮ್ಮ ತರ್ಕಕ್ಕಿಂತ ಆ ನೀರೇ ಹೆಚ್ಚು ನೆರವಾಗಿರಬೇಕು. ಅಲ್ಲದೆ, ಅತ್ಯಾಚಾರಕ್ಕೊಳಗಾದ ಮಗಳನ್ನು ಮುಚ್ಚಿಡುವುದೇ ಮನೆತನದ ಮರ್ಯಾದೆ ಎಂದು ತಿಳಿದವರು ನಮ್ಮಲ್ಲಿಯೂ ಇಲ್ಲದಿಲ್ಲ.

ಜರ್ಮನಿಯ ಬಾಡೆನ್-ವುರ್ಟೆಂಬೆರ್ಗ್ ರಾಜ್ಯ ಸುಮಾರು 1,100 ಮಹಿಳೆಯರು ಮತ್ತು ಮಕ್ಕಳನ್ನು ಕರೆಸಿಕೊಂಡು ಆಶ್ರಯ, ಚಿಕಿತ್ಸೆ ನೀಡಿತು. 2018ರಲ್ಲಿ ನಾದಿಯಾ ಮುರಾದ್ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. 2021ರ ಮಾರ್ಚಿನಲ್ಲಿ ಇರಾಕಿನ ಸಂಸತ್ತು ಸಂತ್ರಸ್ತೆಯರಿಗೆ ಮಾಸಾಶನ ಮೊದಲಾದ ಪರಿಹಾರ ಕೊಡುವ ಕಾನೂನನ್ನು ಅಂಗೀಕರಿಸಿತು. ಕಾನೂನೇನೋ ಒಳ್ಳೆಯದು; ಆದರೆ ಅರ್ಜಿಯ ಜೊತೆಗೆ ಕ್ರಿಮಿನಲ್ ದೂರು ದಾಖಲಿಸಿದ ಕಾಗದವನ್ನೂ ತರಬೇಕೆಂದು ಅಧಿಕಾರಿಗಳು ಕೇಳತೊಡಗಿದರು. ಒಮ್ಮೆ ಹೇಳಲೂ ನಾಲಗೆ ಏಳದ ಸಂಗತಿಯನ್ನು ಕಚೇರಿಯಿಂದ ಕಚೇರಿಗೆ ಹೇಳುತ್ತ ಹೋಗಬೇಕಾದ ಪಾಡು ಅವರದಾಯಿತು.

ಎಲ್ಲಕ್ಕಿಂತ ಕಠಿನವಾದದ್ದು ಸೆರೆಯಲ್ಲಿ ಹುಟ್ಟಿದ ಮಕ್ಕಳ ವಿಷಯ. 2019ರ ಏಪ್ರಿಲಿನಲ್ಲಿ ಯಜೀದಿಗಳ ಉನ್ನತ ಧರ್ಮಮಂಡಳಿಯ ಹೇಳಿಕೆಯನ್ನು ಓದಿದವರು ಈ ಮಕ್ಕಳಿಗೂ ಸ್ವಾಗತ ದೊರೆಯಿತೆಂದು ತಿಳಿದರು. ಕೆಲವೇ ದಿನಗಳಲ್ಲಿ, ಅತ್ಯಾಚಾರದಿಂದ ಹುಟ್ಟಿದವರಿಗೆ ಅದು ಅನ್ವಯಿಸದೆಂದು ಮಂಡಳಿಯೇ ಸ್ಪಷ್ಟಪಡಿಸಿತು. ಸಮುದಾಯದ ಒಳಗಿನ ವಿರೋಧ ಅಷ್ಟು ಬಲವಾಗಿತ್ತು. ಇರಾಕಿನ ಕಾನೂನೂ ತಂದೆ ಮುಸ್ಲಿಮನಾದರೆ ಮಗುವನ್ನು ಮುಸ್ಲಿಮನೆಂದೇ ಎಣಿಸುತ್ತದೆ.

ತಾಯಿಗೆ ತೆರೆದ ಬಾಗಿಲು ಮಗುವಿಗೆ ಮುಚ್ಚಿತು. ಕೆಲವರು ಮಕ್ಕಳನ್ನು ಸಿರಿಯಾದ ಅನಾಥಾಲಯಗಳಲ್ಲಿ ಬಿಟ್ಟು ಒಬ್ಬರೇ ಊರಿಗೆ ಬಂದರು. ಮಗುವನ್ನು ಬಿಡಲಾರದ ಕೆಲವರು ತವರನ್ನೇ ಬಿಟ್ಟರು. ಅಪ್ಪಣೆ ಕೊಟ್ಟ ಬಾಬಾ ಶೇಖ್ ಅವರು 2020ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದವರ ಮುಂದೆ ಈ ತಾಯಂದಿರ ಮೊರೆ ಉಳಿದಿದೆ.