ಹಗುರ ಅಂದ್ರೆ ಡಯಟ್ ಅಲ್ಲ (ಭಾಗ 4)

ಲೇಡಿಫಿಂಗರ್ ಅಂದ ತಕ್ಷಣ ಬೆಂಡೆಕಾಯಿ ನೆನಪಾಯ್ತಾ? 😄 ಇದು ಬೇರೆ. ಇಟಲಿಯ ಸವೊಯಾರ್ಡಿ, ತಿರಮಿಸು ಒಳಗೆ ಕಾಫಿ ಕುಡಿದು ಮೆತ್ತಗಾಗಿರುತ್ತಲ್ಲ, ಅದೇ ಬಿಸ್ಕೆಟ್.

"ಲೈಟಾಗಿದೆ, ಡಯಟ್‌ಗೆ ನಡೆಯುತ್ತೆ" ಅನ್ನೋರ ಜೊತೆ ನನ್ನ ಜಗಳ. ಹಗುರ ಇರೋದು ಗಾಳಿಯಿಂದ ಕಣ್ರಪ್ಪಾ! ಮೊಟ್ಟೆಯ ಬಿಳಿ, ಹಳದಿ ಬೇರೆ ಬೇರೆಯಾಗಿ ಸಕ್ಕರೆ ಜೊತೆ ನೊರೆ ಬರೋ ತನಕ ಬೀಟ್ ಮಾಡಿ, ಮೈದಾ ಮೆಲ್ಲಗೆ ಬೆರೆಸಿ ಬೇಕ್ ಮಾಡ್ತಾರೆ. ಬೆಣ್ಣೆ ಹಾಕಲ್ಲ, ಹಾಗಾಗಿ ಕೊಬ್ಬು ಕಮ್ಮಿ, ಒಪ್ಪಿದೆ. ಆದ್ರೆ ಅಂಗಡಿ ಪ್ಯಾಕೆಟ್ಟಿನದು 100 ಗ್ರಾಂಗೆ ಸುಮಾರು 380 ಕ್ಯಾಲರಿ, ಅದರಲ್ಲಿ 40 ಗ್ರಾಂ ಆಸುಪಾಸು ಬರೀ ಸಕ್ಕರೆ. ನಾರಿನಂಶ ತೀರಾ ಕಮ್ಮಿ. ಬೆಳಗ್ಗೆ ತಿಂಡಿ ಬಿಟ್ಟು ಇದನ್ನ ತಿಂದ್ರೆ ಹಸಿವು ಎಲ್ಲಿಗೆ ಹೋಗುತ್ತೆ ಹೇಳಿ?

ನನ್ನ ಪ್ರಕಾರ ಇದರ ನಿಜವಾದ ಕೆಲಸ ಹೀರಿಕೊಳ್ಳೋದು. ತಣ್ಣಗಾದ ಗಟ್ಟಿ ಡಿಕಾಕ್ಷನ್‌ಗೆ ಅದ್ದಿ ಟಕ್ಕಂತ ತೆಗೀರಿ. ಫೋನ್ ನೋಡ್ತಾ ಕೂತ್ರೆ ಗಂಜಿ. ಫ್ರೆಂಚರು ಶಾರ್ಲೆಟ್ ಮಾಡುವಾಗ ಅಚ್ಚಿನ ಸುತ್ತ ಇದನ್ನೇ ಗೋಡೆ ಥರ ನಿಲ್ಲಿಸಿ ಮಧ್ಯೆ ಕ್ರೀಮ್ ತುಂಬ್ತಾರೆ.

ಮೊಟ್ಟೆ ತಿನ್ನದ ಫ್ರೆಂಡ್ಸ್, ಕೆಫೆಯವರು "ಕ್ರೀಮ್ ಎಗ್‌ಲೆಸ್" ಅಂದ್ರೆ ಅಲ್ಲಿಗೇ ಬಿಡಬೇಡಿ, ಒಳಗಿನ ಬಿಸ್ಕೆಟ್ ಬಗ್ಗೆನೂ ಕೇಳಿ.