ಮುದಿ ಬೆಕ್ಕಿನ ಹಲ್ಲುನೋವು: ಹೊರೆ ಯಾರದು?

ಬೆಂಗಳೂರು: ಬೆಕ್ಕಿಗೆ 30 ಹಲ್ಲು. ವಯಸ್ಸಾದಂತೆ ವಸಡಿನ ಉರಿಯೂತ, ಹಲ್ಲಿನ ಬೇರು ಕರಗುವ ವ್ಯಾಧಿ ಕಾಡುತ್ತವೆ. ನೋವನ್ನು ತೋರಗೊಡದ ಪ್ರಾಣಿಯಾದ್ದರಿಂದ, ಮನೆಯವರ ಗಮನಕ್ಕೆ ಬರುವಷ್ಟರಲ್ಲಿ ಹಲವು ಬಾರಿ ಹಲ್ಲು ಕೀಳುವುದೊಂದೇ ಮಾರ್ಗ ಉಳಿದಿರುತ್ತದೆ.

ಹಲ್ಲು ಕೀಳುವ ಮುನ್ನವೇ ವೆಚ್ಚ ಏರುತ್ತದೆ. ಪೂರ್ಣ ಅರಿವಳಿಕೆ ಅನಿವಾರ್ಯ. ಮೂತ್ರಪಿಂಡ ಅದನ್ನು ತಾಳಬಲ್ಲದೇ ಎಂದು ತಿಳಿಯಲು ರಕ್ತಪರೀಕ್ಷೆ, ಬೇರಿನ ಸ್ಥಿತಿ ಅರಿಯಲು ಎಕ್ಸ್‌ರೇ ಬೇಕು. ಪಶುವೈದ್ಯ ಚಿಕಿತ್ಸಾಲಯಗಳ ಸೇವೆಗೆ ಜಿಎಸ್‌ಟಿ ವಿನಾಯಿತಿಯಿದ್ದರೂ, ಪಿಂಚಣಿಯನ್ನೇ ನಂಬಿದ ಕುಟುಂಬಗಳಿಗೆ ಇದು ಹೊರೆಯೇ ಸರಿ.

ಸಾಕಿದ ಪ್ರಾಣಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವ ಹೊಣೆಯನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮಾಲೀಕರಿಗೆ ವಹಿಸಿದೆ; ಖರ್ಚಿನ ದಾರಿ ತೋರಿಸಿಲ್ಲ. ರಾಜ್ಯದ ಸರ್ಕಾರಿ ಪಶು ಆಸ್ಪತ್ರೆಗಳು ಮುಖ್ಯವಾಗಿ ಜಾನುವಾರುಗಳಿಗಾಗಿ ರೂಪುಗೊಂಡವು. ನಗರದ ಸಾಕುಪ್ರಾಣಿಗಳ ದಂತ ಚಿಕಿತ್ಸೆಗೂ ಅಲ್ಲಿ ಆದ್ಯತೆ ದೊರೆಯಬೇಕಿದೆ. ಅದುವರೆಗೆ ಮೂಕಪ್ರಾಣಿಯ ಚಿಕಿತ್ಸೆಗೆ ಮನೆಯವರ ಜೇಬೇ ಮಿತಿ.