ನುಂಗಲಾಗದ ನಾಯಿಯ ಬಾಯಿಗೆ ಕೈ ಹಾಕಬೇಡಿ



ಬೀದಿನಾಯಿಗಳ ವಿಚಾರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದು ನಿಮಗೆ ತಿಳಿದಿದೆ. ಹಿಡಿದ ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಂದಿನ ಜಾಗಕ್ಕೇ ಬಿಡಬೇಕು. ಹುಚ್ಚಿನ ಶಂಕೆಯಿದ್ದರೆ ಬಿಡಬಾರದು ಎಂದು 2025ರ ಆಗಸ್ಟ್ 22ರಂದು ಆದೇಶವಾಯಿತು. ಅದೇ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆರವು ಮಾಡಲು ನ್ಯಾಯಾಲಯ ಹೇಳಿತು. ಇದೆಲ್ಲ ಬಹುಮಟ್ಟಿಗೆ ಪಟ್ಟಣದ ಮಾತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ತೋಟವನ್ನೂ ಕೊಬ್ಬರಿ ಅಟ್ಟವನ್ನೂ ಕಾಯುವ ನಾಯಿ ಬೀದಿಯದಲ್ಲ. ಅದರ ಲಸಿಕೆಯ ಹೊಣೆ ತೋಟದ ಯಜಮಾನನದೇ.

ಇಂಥ ನಾಯಿ ಒಂದು ದಿನ ಅನ್ನ ಬಿಡುತ್ತದೆ. ಕೆಳದವಡೆ ಜೋಲುತ್ತದೆ, ಜೊಲ್ಲು ಸುರಿಯುತ್ತದೆ, ನೀರೂ ಒಳಗಿಳಿಯದು. ಮೂಳೆಯೋ ಕೊಬ್ಬರಿ ಚೂರೋ ಸಿಕ್ಕಿಕೊಂಡಿರಬೇಕೆಂದು ಬಾಯಿ ಅಗಲಿಸಿ ಕೈ ಹಾಕುವವರುಂಟು. ಅಪಾಯವಿರುವುದು ಅಲ್ಲಿಯೇ. ಹುಚ್ಚು ಹಿಡಿದ ನಾಯಿಗಳೆಲ್ಲ ಓಡಿ ಬಂದು ಕಚ್ಚುವುದಿಲ್ಲ. ಕೆಲವಕ್ಕೆ ದವಡೆ, ಗಂಟಲುಗಳ ಶಕ್ತಿ ಉಡುಗಿ, ಮೂಕವಾಗಿ ಮೂಲೆ ಸೇರುತ್ತವೆ. ರೇಬಿಸ್ ವಿಷಾಣು ಇರುವುದು ಜೊಲ್ಲಿನಲ್ಲಿ. ಕಾಯಿ ಸುಲಿದು ತರಚಿದ ಕೈಗೆ ಆ ಜೊಲ್ಲು ತಗುಲಿದರೆ ಕಚ್ಚಿಸಿಕೊಂಡಷ್ಟೇ ಅಪಾಯ. ಮೇವು ನುಂಗದೆ ಜೊಲ್ಲು ಸುರಿಸುವ ಹಸು, ಎಮ್ಮೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಹಾಗೆಂದು ನುಂಗಲಾಗದ್ದೆಲ್ಲ ಹುಚ್ಚಲ್ಲ. ಅನ್ನನಾಳ ಹಿಗ್ಗಿ ಶಕ್ತಿಗುಂದುವ ಇನ್ನೊಂದು ರೋಗವಿದೆ. ತಾಯಿಹಾಲು ಬಿಟ್ಟು ಗಟ್ಟಿ ಆಹಾರ ಹಿಡಿಯುವ ಮರಿಗಳಲ್ಲಿ ಕಾಣುವುದುಂಟು, ದೊಡ್ಡ ನಾಯಿಗೂ ಬರಬಹುದು. ತಿಂದ ಅನ್ನ ಹೊಟ್ಟೆ ತಲುಪದೆ, ಓಕರಿಕೆಯಿಲ್ಲದೆ ಹಾಗೆಯೇ ಹೊರಬರುತ್ತದೆ. ನಾಯಿಗೆ ಹಸಿವಿರುತ್ತದೆ, ಮೈ ಮಾತ್ರ ಸೊರಗುತ್ತದೆ. ಆಹಾರ ಶ್ವಾಸಕೋಶಕ್ಕೆ ಜಾರಿದರೆ ಪ್ರಾಣಕ್ಕೇ ಸಂಚಕಾರ. ಪಶುವೈದ್ಯರು ಕ್ಷಕಿರಣದಿಂದ ಇದನ್ನು ಗುರುತಿಸುತ್ತಾರೆ. ಎತ್ತರದಲ್ಲಿ ತಟ್ಟೆಯಿಟ್ಟು, ಮುಂಗಾಲು ಮೇಲಿರುವಂತೆ ನಿಲ್ಲಿಸಿ ಸ್ವಲ್ಪ ಸ್ವಲ್ಪವಾಗಿ ಉಣಿಸಿ, ಉಂಡ ಮೇಲೂ ಹತ್ತಿಪ್ಪತ್ತು ನಿಮಿಷ ಹಾಗೆಯೇ ಹಿಡಿದರೆ ಅನ್ನ ತನ್ನ ಭಾರಕ್ಕೇ ಇಳಿಯುತ್ತದೆ.

ಆದರೆ ಯಾವುದು ಯಾವ ರೋಗವೆಂದು ನಿರ್ಧರಿಸುವುದು ಮನೆಯಂಗಳದ ಕೆಲಸವಲ್ಲ. ನಾಯಿಯನ್ನು ಮಕ್ಕಳಿಂದ ದೂರ ಕೂಡಿಹಾಕಿ ಪಶುವೈದ್ಯರನ್ನು ಕರೆಸಿರಿ. ಸತ್ತರೆ ಬರಿಗೈಯಲ್ಲಿ ಮುಟ್ಟದೆ ಅವರಿಗೆ ತಿಳಿಸಿರಿ. ಮಿದುಳಿನ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ. ಈ ಪರೀಕ್ಷೆಗೆ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಯೋಗಾಲಯವಿದೆ.

ಜೊಲ್ಲು ತಾಗಿದ ಗಾಯವನ್ನು ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ ಮೆತ್ತಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಲಸಿಕೆ ಅಲ್ಲಿ ಉಚಿತ. ಹಿಂದಿನಂತೆ ಹೊಕ್ಕುಳ ಸುತ್ತ 14 ಸೂಜಿ ಚುಚ್ಚುವ ಪದ್ಧತಿ ಈಗಿಲ್ಲ, ತೋಳಿಗೇ ಕೊಡುತ್ತಾರೆ. ರೋಗ ಒಮ್ಮೆ ತಲೆಯೆತ್ತಿದರೆ ಮದ್ದಿಲ್ಲವೆಂಬುದನ್ನು ಮರೆಯಬೇಡಿ.

ಮನುಷ್ಯರಿಗೆ ಬರುವ ರೇಬಿಸನ್ನು ವೈದ್ಯರು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2022ರ ಡಿಸೆಂಬರಿನಲ್ಲಿ ಗೊತ್ತುಮಾಡಿತು. ನಾಯಿಯಿಂದ ಬರುವ ಈ ರೋಗವನ್ನು 2030ರೊಳಗೆ ಅಳಿಸಬೇಕೆಂಬುದು ದೇಶದ ಗುರಿ. ಕಾಗದದ ಮೇಲಿನ ಈ ಗುರಿ ಮುಟ್ಟುವುದು ತೋಟದ ಮನೆಗಳಿಂದಲೇ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ ಹಾಕಿಸಿ, ಬಳಿಕ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ತಪ್ಪದೆ ಹಾಕಿಸಿರಿ.